ಒಂಬತ್ತು ಉತ್ತರ

೧೪ ಜುಲೈ, ಸೋಮವಾರ, ಚಾಮರಾಜನಗರ

ಬೆಳಗಿನಿಂದ ಕುಮಾರಿಯದೇ ನೆನಪು, ಹಾಸ್ಟೆಲಿನಲ್ಲಿ ಜೊತೆಗಿದ್ದವಳು. ಹದಿಮೂರು ವರ್ಷದ ಮೇಲ್‌ಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೇನಲ್ಲ, ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆಯಲ್ಲಿ ಅವಳ ಇಮೇಲ್ ವಿಳಾಸ ಕೊಟ್ಟು ಹುಡುಕಿದೆ. ರೆಪ್ಪೆ ಬಡಿಯುವುದರೊಳಗೆ ಅವಳು ನನಗೆ ಬರೆದವು ನಾನೂರ ಹನ್ನೆರಡು ಬಂದವು. ಹಂಗಳದ ಶಾಲೆಯಲ್ಲಿ ಪಾಠ ಮುಗಿಸಿ ಬರೆಯುತ್ತಿದ್ದಳು. ಕೊನೆಯ ಸಾಲು ಯಾವಾಗಲೂ ಒಂದೇ: "ಯಾವಾಗ್ ಬತ್ತೀಯಮ್ಮಿ?"

ಆಸೆಯಿಂದ ಹುಡುಕಾಟವನ್ನು ತಿರುಗಿಸಿದೆ. ನಾನು ಅವಳಿಗೆ ಬರೆದವು ಎಷ್ಟು? ಒಂಬತ್ತು. ಏನೋ ತಪ್ಪು ಒತ್ತಿರಬೇಕೆಂದು ಮತ್ತೆ ಕೊಟ್ಟೆ. ಒಂಬತ್ತೇ. ಎಲ್ಲದರಲ್ಲೂ "ಮುಂದಿನ್ ವಾರ ಬತ್ತೀನಿ ಕಣಮ್ಮಿ."

ಗುಂಡ್ಲುಪೇಟೆಯಲ್ಲಿ ಬಸ್ ಬದಲಾಯಿಸಿದರೆ ಹಂಗಳ ಏನು ದೂರ? ಅವಳು ಬರೆಯುವುದನ್ನು ನಿಲ್ಲಿಸಿ ನಾಲ್ಕು ವರ್ಷ. ಅದೇ ಮನೆಯಲ್ಲಿದ್ದಾಳೋ ಇಲ್ಲವೋ. ಹತ್ತನೆಯದನ್ನು ಬರೆಯುವುದಿಲ್ಲ, ನಾಳೆ ನಾನೇ ಹೋಗುತ್ತೇನೆ. ಮೊದಲ ಬಸ್ಸು ಆರಕ್ಕೋ, ಆರೂವರೆಗೋ.