ಜೋಲಿಯ ಅಡಿಯ ರಜಾಯಿ

ಆರ್ವಿಡ್,

ನೀನು ತೀರಿಕೊಂಡು ವರ್ಷವಾಯಿತು, ಈ ಕಾಗದಕ್ಕೆ ವಿಳಾಸವೇ ಇಲ್ಲ. ಆದರೂ ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ಮಿನೆಸೋಟದ ಅದೇ ಸರೋವರದ ದಡದಲ್ಲಿ, ಅದೇ ಎರಡು ಪೈನ್ ಮರಗಳಿಗೆ ಜೋಲಿ ಕಟ್ಟಿ ಒಬ್ಬನೇ ಮಲಗಿದೆ. ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ. ಬೆಳಗಿನ ಜಾವ ಬೆನ್ನು ಮರಗಟ್ಟಿ ಎಚ್ಚರವಾಯಿತು. ಇಳಿದು ನೋಡಿದರೆ, ಬೆನ್ನಿಗೆ ಚಳಿ ತಟ್ಟದಂತೆ ಜೋಲಿಯ ಅಡಿಗೆ ಬಿಗಿದಿದ್ದ ರಜಾಯಿ ಗೇಣುದ್ದ ಕೆಳಗೆ ಜೋತಾಡುತ್ತಿದೆ! ಅದರ ಎಲಾಸ್ಟಿಕ್ ದಾರ ಚಳಿಗೆ ಬಿಗುವು ಕಳೆದುಕೊಂಡಿತ್ತು. ತಾನಾಗಿಯೇ.

ಹನ್ನೊಂದು ವರ್ಷದ ಹಿಂದೆಯೂ ಹೀಗೇ ಜೋತಾಡುತ್ತಿತ್ತಲ್ಲ. "ತಮಾಷೆ ಮಾಡಕ್ಕೆ ಇದೇ ಸಿಕ್ತೇನೋ ನಿಂಗೆ? ಸತ್ತೇ ಹೋಗ್ತಿದ್ದೆ!" ಎಂದು, ನೀನೇ ದಾರ ಸಡಿಲಿಸಿದೆ ಅಂದುಕೊಂಡು, ಎಲ್ಲರೆದುರು ನಿನ್ನ ಮೇಲೆ ಕೂಗಾಡಿದ್ದೆ.

"ನಿನ್ನ ಜೋಲಿ ಹತ್ರಾನೂ ಸುಳಿದಿಲ್ಲ ಕಣೋ," ಎಂದೆ ನೀನು, ನನಗೆಂದೇ ಕಾಯಿಸಿದ ಕಾಫಿಯ ಲೋಟ ಹಿಡಿದು. ನಾನದನ್ನು ಹಿಮದ ಮೇಲೆ ಚೆಲ್ಲಿದೆ. ಮರುವರ್ಷದಿಂದ ನಮ್ಮ ಚಳಿಗಾಲದ ಶಿಬಿರದ ಗುಂಪಿನವರು ನಿನ್ನನ್ನು ಕರೆಯಲಿಲ್ಲ.

ಇವತ್ತು ಜೋಲಿಯ ಸುತ್ತ ಹೊಸ ಹಿಮ ಬಿದ್ದಿತ್ತು. ಟಾರ್ಚ್ ಹಿಡಿದು, ಮಂಡಿಯೂರಿ, ಯಾರದಾದರೂ ಹೆಜ್ಜೆಗುರುತು ಇದೆಯೇ ಎಂದು ಹುಡುಕಿದೆ ಆರ್ವಿಡ್. ತಪ್ಪು ಹೊರಿಸಲು ಒಂದು ಮೊಲದ್ದಾದರೂ ಸಿಕ್ಕಿದ್ದರೆ ಸಾಕಿತ್ತು.