ಆನೆ ಬಂದಾಗ ನಿಲ್ಲಿಸಿದವಳಿಗೆ ಫೇಲ್

ನಮ್ಮ ಕಡೆಯ ಕಾಲೇಜುಗಳಿಗೆ ನಾಯಕತ್ವ ಕಲಿಸಿಕೊಡುತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಬ್ಯಾಚಿನಲ್ಲಿ ನಾಯಕಿ ಎನ್ನಬಹುದಾದವಳು ಒಬ್ಬಳೇ ಇದ್ದಳು. ನಿಮ್ಮ 'ನಾಯಕತ್ವ ಮತ್ತು ಉದ್ಯೋಗ ಯಶಸ್ಸು' ತರಬೇತಿಯಲ್ಲಿ ಫೇಲಾದವಳೂ ಅವಳೊಬ್ಬಳೇ. ಹೆಸರು ಆಸ್ಫಿಯಾ. ಅವಳೀಗ ಕಾಲೇಜು ಬಿಟ್ಟಿದ್ದಾಳೆ. ಪಾಸಾದ ನಾನು ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ಇಂಟರ್ನಲ್ ಮಾರ್ಕ್ಸ್ ಏನಾಗುತ್ತದೋ ಎಂಬ ಭಯ ಇದ್ದೇ ಇದೆ. ಇರಲಿ.

ನಾನು ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಬೆಲ್ ಹೊಡೆದರೆ ಏಳುವುದು, ಬೆಲ್ ಹೊಡೆದರೆ ಉಣ್ಣುವುದು, ಅಷ್ಟೇ ಗೊತ್ತು. ಈ ವರ್ಷ ಬಿ.ಕಾಂ.ಗೆ ಸೇರಿ ಬೆಳಗೋಡಿನ ಹತ್ತಿರದ ಮನೆಗೆ ವಾಪಸ್ ಬಂದಾಗ, ಎಸ್ಟೇಟ್ ರಸ್ತೆಯಲ್ಲಿ ಹೆದರದೆ ಬಸ್ ಸ್ಟಾಪಿಗೆ ನಡೆಯುವುದನ್ನು ಕಲಿಸಿದವಳು ಆಸ್ಫಿಯಾ. ನಿಮ್ಮ ತರಬೇತಿ ಪಾಸಾದವರಿಗೆ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಘಟಕದ ಆಫೀಸಿನಲ್ಲಿ ಓದುತ್ತಲೇ ದುಡಿಯುವ ಅವಕಾಶವಿತ್ತು. ಆ ಕೆಲಸ ಸಿಕ್ಕರೆ ಮಾತ್ರ ಮುಂದೆ ಓದು ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು.

ಕೊನೆಯ ಪರೀಕ್ಷೆಯ ಬೆಳಿಗ್ಗೆ ನಾವು ಐದಾರು ಹುಡುಗಿಯರು ಎಸ್ಟೇಟ್ ಗೇಟಿನ ಹತ್ತಿರ ಬರುವಷ್ಟರಲ್ಲಿ ಆಸ್ಫಿಯಾಳ ಫೋನಿಗೆ ಅರಣ್ಯ ಇಲಾಖೆಯಿಂದ ಆನೆ ಬಂದಿರುವ ಮೆಸೇಜ್ ಬಂತು. ಅವಳು ಗೇಟು ಎಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಬಸ್ ಹೋಗ್ಬುಡುತ್ತೆ ಕಣೇ, ಬಿಡು. ನೀನೇನು ಫಾರೆಸ್ಟ್ ಗಾರ್ಡಾ?" ಎಂದು ಮಧುಶ್ರೀ ರೇಗಿದಳು.

"ದಾಟಿದೋಳ ಅವ್ವಂಗೆ ಈಗ್ಲೇ ಫೋನ್ ಹಾಕ್ತೀನಿ. ಆನೆಗಿಂತ ಮೊದ್ಲು ನಿಮ್ಮವ್ವ ತುಳೀತಾಳೆ."

ಬೈಯುತ್ತ, ನಗುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಕಾಫಿ ಗಿಡಗಳ ಮಧ್ಯದಿಂದ ಮರಿಯ ಸಮೇತ ಆನೆಗಳು ಇಳಿದು, ನಾವು ನಡೆಯಬೇಕಿದ್ದ ತಿರುವಿನಲ್ಲೇ ನಿಂತವು. ಆಮೇಲೆ ಯಾರೂ ನಗಲಿಲ್ಲ. ಬಸ್ಸು ಹೋಯಿತು.

ಗುರಿಯ ಮೇಲೆ ಕಣ್ಣಿಟ್ಟವರಿಗೆ ಅಡೆತಡೆ ಕಾಣುವುದಿಲ್ಲ ಎಂದು ನಿಮ್ಮ ತರಬೇತುದಾರರು ಹೇಳಿಕೊಟ್ಟಿದ್ದರು. ಮಾನ್ಯರೇ, ನಮ್ಮ ಕಡೆಯ ಅಡೆತಡೆಗೆ ಸೊಂಡಿಲು ಇರುತ್ತದೆ. ಕಾಣದಿದ್ದರೆ ಕಷ್ಟ. ತಡವಾಗಿ ಬಂದ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಅವರು ಕೇಳಿದರು, "ಇದಕ್ಕೆ ಯಾರು ರೆಸ್ಪಾನ್ಸಿಬಲ್?" ಹೊಣೆ ಹೊರುವವರೇ ನಾಯಕರು ಎಂದು ಕಲಿಸಿದ್ದೂ ಅವರೇ ಅಲ್ಲವೇ? ಆಸ್ಫಿಯಾ ಕೈ ಎತ್ತಿದಳು.

"ನಾನು ಸರ್. ಆನೆ ಐತೆ ಅಂತ ನಾನೇ ನಿಲ್ಸಿದ್ದು."

"ಆನೆ ಕಥೆ ಎಲ್ಲ ಇಂಟರ್‌ವ್ಯೂನಲ್ಲಿ ನಡೆಯಲ್ಲಮ್ಮ."

ಒಳಗಿದ್ದ ಕೆಲವರು ನಕ್ಕರು. ನಾನು ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಅವಳು ಹೇಳುತ್ತಿರುವುದು ನಿಜ, ಅವಳು ತಡೆಯದಿದ್ದರೆ ನಾವು ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದು ಹೇಳಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಫಲಿತಾಂಶ ಬಂತು. ಉಳಿದ ನಮಗೆಲ್ಲ ಪರೀಕ್ಷೆಗೆ ಇನ್ನೊಂದು ಅವಕಾಶ ಕೊಟ್ಟು ಪಾಸು ಮಾಡಿದ್ದರು. ಆ ಮಾತಿಗಾಗಿ ನನಗೆ ಕಮ್ಯುನಿಕೇಶನ್ ವಿಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ. ಆಸ್ಫಿಯಾಳಿಗೆ 'ತಂಡದ ಗುರಿಗೆ ಅಡ್ಡಿಪಡಿಸಿದ್ದಾರೆ' ಎಂಬ ಷರಾ. ನನ್ನ ಇಂಗ್ಲಿಷನ್ನು ಅಷ್ಟು ಚೆನ್ನಾಗಿ ಅಳೆದವರು, ಅದರಲ್ಲಿ ನಾನು ಏನು ಹೇಳಿದೆ ಎಂಬುದನ್ನು ಯಾಕೆ ಕೇಳಿಸಿಕೊಳ್ಳಲಿಲ್ಲ?

ಅವಳೀಗ ಹಾಸನದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದೆ. "ಊಟ ಆಯ್ತೇನೇ ಇಂಗ್ಲಿಷ್ ಮೇಡಂ?" ಎಂದು ನಗಿಸಿದಳು. ಮಾತಿನ ಮಧ್ಯೆ, ಪಕ್ಕದ ಹುಡುಗಿಯ ಹೊಲಿಗೆ ಮೆಷಿನ್ನಿನ ವೈರು ಸುಲಿದುಹೋಗಿ ಆಗಾಗ ಶಾಕ್ ಹೊಡೆಯುತ್ತದೆ ಎಂದಳು.

"ಸೂಪರ್‌ವೈಸರ್‌ಗೆ ಹೇಳಿ ನಿಲ್ಸಲಿಲ್ವಾ?"

"ಇಲ್ಲ ಕಣೇ. ಇನ್ಮೇಲೆ ನಾನು ಯಾರ್ನೂ ನಿಲ್ಸಕ್ಕೆ ಹೋಗಲ್ಲ. ಸಾಕಾಗೈತೆ."

ಮಾನ್ಯರೇ, ನಿಮ್ಮ ತರಬೇತಿ ಅವಳಿಗೆ ಕಲಿಸಿದ್ದು ಇದನ್ನು. ಆ ಷರಾ ಅಳಿಸಿ, ಅವಳ ಕೆಲಸ ಅವಳಿಗೆ ಕೊಡಿಸಿ ಎಂದು ಕೇಳುತ್ತೇನೆ. ಅದಕ್ಕೆ ಫೈಲು ಓಡಾಡಬೇಕು, ಗೊತ್ತು. ಅದಕ್ಕೂ ಮೊದಲು, ಇವತ್ತೇ, ಅವಳಿಗೊಂದು ಫೋನ್ ಮಾಡಿ. ಅವತ್ತು ನಿಲ್ಲಿಸಿದ್ದು ಸರಿ ಎಂದು ಹೇಳಿ. ನಾನು ಹೇಳಿ ನೋಡಿದೆ. "ನೀನು ಪಾಸಾದೋಳು, ಬುಡು" ಎಂದುಬಿಟ್ಟಳು. ಫೇಲ್ ಮಾಡಿದವರೇ ಹೇಳಿದರೆ ನಂಬಬಹುದು. ಆ ವೈರು ಇನ್ನೂ ಹಾಗೇ ಇದೆಯಂತೆ.

ಇಂತಿ,
ಅವಳು ತಡೆದದ್ದರಿಂದ ಕಾಲೇಜಿಗೆ ಹೋಗುತ್ತಿರುವ,
ಚೈತ್ರಶ್ರೀ
ಪ್ರಥಮ ವರ್ಷದ ಬಿ.ಕಾಂ.