ನಿನ್ನ ಹೆಸರಿನ ಪಕ್ಕದ ಶಿಲುಬೆ

ಅಪ್ಪಾ,

ಬೆಳಗಿನ ಜಾವ ಮೂರೂವರೆ. ಮಗಳು ರೆನಾಟಾ ಹಾಲಿಗೆ ಅತ್ತ ಸದ್ದಿಗೆ ಎದ್ದವಳಿಗೆ ಮತ್ತೆ ನಿದ್ದೆ ಬರಲಿಲ್ಲ. ವಿಳಾಸವೇ ಇಲ್ಲದ ನಿನಗೆ ಇದನ್ನು ಎಲ್ಲಿಗೆ ಕಳಿಸಲಿ? ಆದರೂ ಬರೆಯುತ್ತಿದ್ದೇನೆ.

ಊರವರ ಮದುವೆ ಆಮಂತ್ರಣಗಳನ್ನೆಲ್ಲ ವಿನ್ಯಾಸ ಮಾಡಿಕೊಡುವವಳು ನಾನು; ಇವಳ ದೀಕ್ಷಾಸ್ನಾನದ ಆಮಂತ್ರಣವನ್ನೂ ನಾನೇ ಮಾಡಿದೆ. ನಿನ್ನೆ ಸಾಂತೊ ದೊಮಿಂಗೊ ಚೌಕದ ಮುದ್ರಣದಂಗಡಿಯಲ್ಲಿ ಅದರ ಯಜಮಾನರು ದೋನ್ ಫಿದೆನ್ಸಿಯೊ ಕರಡು ನೋಡಿ ಕೇಳಿದರು: “ತಾತನ ಹೆಸರಿನ ಪಕ್ಕ ಶಿಲುಬೆ ಹಾಕ್ಲೇನಮ್ಮ?” ತೀರಿಕೊಂಡವರಿಗೆ ಹಾಕುವ ಪುಟ್ಟ ಶಿಲುಬೆ.

“ಹಾಕಿ, ಮನೆ ಬಿಟ್ಟು ಹೋಗಿ ಆರು ವರ್ಷ ಆಯ್ತು,” ಎಂದಳು ಅಮ್ಮ.

“ಬೇಡ,” ಎಂದೆ.

“ಮತ್ತೆ ಬಂದೋರಿಗೆ ಏನೇ ಹೇಳ್ತೀಯ? ನಮ್ಮಪ್ಪ ಸಿಗರೇಟ್ ತರೋಕೆ ಹೋಗಿದಾನೆ, ಅಂಗಡೀಲಿ ಸಾಲು ಉದ್ದ ಇದೆ ಅಂತಾನಾ?”

ದೋನ್ ಫಿದೆನ್ಸಿಯೊ ನಕ್ಕರು. ಅಮ್ಮ ನಗಲಿಲ್ಲ. “ನಾಳೆ ಬೆಳಿಗ್ಗೆ ಎಂಟಕ್ಕೆ ಯಂತ್ರ ಶುರು ಮಾಡ್ತೀನಿ, ಅಷ್ಟರೊಳಗೆ ಹೇಳಿಬಿಡಿ,” ಎಂದರು ಅವರು.

ಪೆನ್ಸಿಲಿನಲ್ಲಿ ಶಿಲುಬೆ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ನಿನ್ನ ಹೆಸರಿನ ಪಕ್ಕ ಕಾಗದವೇ ಸವೆದಿದೆ. ಮನೆ ಬಿಟ್ಟ ರಾತ್ರಿ ನೀನು ನನ್ನ ಬಾಗಿಲು ತಟ್ಟಿದೆಯಲ್ಲ, ನಾನು ಎಚ್ಚರವಾಗಿಯೇ ಇದ್ದೆ, ತೆರೆಯಲಿಲ್ಲ.

ನನ್ನ ಫೋನ್ ನಂಬರು ಬದಲಾಗಿಲ್ಲ. ಬೆಳಗಾಗುವ ಮೊದಲು ಒಮ್ಮೆ ಫೋನ್ ಮಾಡು. ಏನೂ ಹೇಳಬೇಡ, ಉಸಿರಾಡಿದರೆ ಸಾಕು. ಮಾಡಪ್ಪಾ.